ವಿಗ್ ತಾತನ ಮೂಗಿನ ಕುಂಕುಮ

ಬೆಳಿಗ್ಗೆ ಇಡ್ಲಿ ಬೇಯಿಸಿದೆ. ಬಾಲ್ಕನಿಯ ಧೂಳು ಗುಡಿಸಿದೆ. ಪೊರಕೆ ಒಳಗಿಡುವಷ್ಟರಲ್ಲಿ ಮತ್ತೆ ಅಷ್ಟೇ ಧೂಳು ಬಂದು ಕೂತಿತ್ತು. ಕೊತ್ತಂಬರಿ ಬಿಡಿಸಿಟ್ಟೆ. ಯಜಮಾನರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಂದೆ. ಗೋಡೆಯ ಮೇಲಿನ ಜರ್ಮನ್ ತಾತನ ಮೂಗಿನಿಂದ ಕುಂಕುಮ ಒರೆಸಿದೆ.

ಈ ಕೊನೆಯ ಕೆಲಸದ ಬಗ್ಗೆ ಹೇಳಲೇಬೇಕು. ನಮ್ಮ ಯಜಮಾನರಿಗೆ ಜರ್ಮನಿಯಲ್ಲಿ ಇನ್ನೊಂದು ಸಂಸಾರವಿದೆ! ಇಪ್ಪತ್ತು ಮಕ್ಕಳು! ಗಾಬರಿಯಾಗಬೇಡಿ, ಎಲ್ಲವೂ ಸುಮಾರು ಮುನ್ನೂರು ವರ್ಷದ ಹಿಂದೆ ಹುಟ್ಟಿದವು. ಅವುಗಳ ಅಪ್ಪ, ಚರ್ಚಿನ ಭಾನುವಾರದ ಪ್ರಾರ್ಥನೆಗೆಂದು ವಾರವಾರವೂ ಹೊಸ ಸಂಗೀತ ಬರೆಯುತ್ತಿದ್ದ ಮಹಾನುಭಾವ. ಪಟದಲ್ಲಿ ತಲೆಯ ಮೇಲೊಂದು ಬಿಳಿ ಗುಂಗುರು ವಿಗ್ಗು. ಒಮಾನ್ ದೇಶದ ಮದೀನತ್ ಸುಲ್ತಾನ್ ಖಾಬೂಸ್‌ನ ನಮ್ಮ ಫ್ಲ್ಯಾಟಿನಲ್ಲಿ ಅವನ ಹೆಸರು 'ವಿಗ್ ತಾತ'.

ಪಂಪು ರಿಪೇರಿ ಮಾಡಿಸುವ ಮೈಸೂರಿನ ಎಂಜಿನಿಯರಿಗೂ ವಿಗ್ ತಾತನಿಗೂ ನಂಟು ಬೆಸೆದವನು ಯಾರು ಗೊತ್ತೇ? ಕಫೀಲ್! ಹಿಂದೊಮ್ಮೆ ಇವರು ಕೆಲಸ ಬದಲಿಸಲು ಹೊರಟಾಗ, ವೀಸಾ ಕೊಟ್ಟ ಆ ಧಣಿ ಬಿಡುವುದಿಲ್ಲ ಎಂದು ಕೂತ. ನಾನು ಅಳುತ್ತಿದ್ದರೆ ಇವರು ನಗುತ್ತಿದ್ದರು.

"ತಾತನೂ ಕೆಲಸ ಬಿಡ್ತೀನಿ ಅಂದ ಕಣೇ. ಅವನ ದೊರೆ ಜೈಲಿಗೇ ಹಾಕಿಬಿಟ್ಟ! ಅಲ್ಲೂ ಕೂತು ಸಂಗೀತ ಬರೆದನಂತೆ."

"ನೀವೇನು ಬರೀತೀರಿ?"

"ಕಂಪ್ಲೇಂಟು!"

ಅಂದಿನಿಂದ ತಾತ ಮನೆದೇವರು. ಅವನ ಹುಟ್ಟುಹಬ್ಬಕ್ಕೆ ಶಾವಿಗೆ ಪಾಯಸ. ಶುಭಕಾರ್ಯಕ್ಕೆ ಹೊರಡುವ ಮುನ್ನ ಪಟದ ಹಣೆಗೆ ಕುಂಕುಮ. ರಜೆಯ ಶುಕ್ರವಾರ ಬೆಳಿಗ್ಗೆ ಇವರು ಕೀಬೋರ್ಡಿನಲ್ಲಿ ತಾತನನ್ನು ನುಡಿಸುತ್ತಾರೆ. ನಾನು ಸೋಫಾದಲ್ಲಿ ಕೂತವಳು ಹಾಗೇ ತೂಕಡಿಸುತ್ತೇನೆ. ಇವರಿಗೆ ಬೇಜಾರೇ ಇಲ್ಲ! "ನಿದ್ದೆ ಬಾರದ ಒಬ್ಬ ಶ್ರೀಮಂತನಿಗೆ ಅಂತ್ಲೇ ತಾತ ಬರೆದದ್ದಂತೆ ಇದು. ಎಷ್ಟು ಚೆನ್ನಾಗಿ ಕೆಲಸ ಮಾಡ್ತಿದೆ ನೋಡು!"

ಇಂಥವರಿಗೆ ಎರಡೂ ಕಣ್ಣಿಗೆ ಪೊರೆ ಬಂತು. ಸ್ವರದ ಹಾಳೆಗೆ ಮೂಗು ತಾಗಿಸಿ ಓದತೊಡಗಿದರು. ಆಪರೇಷನ್ ಎಂದರೆ ಮಾತ್ರ ಉರಿದುಬಿದ್ದರು.

"ತಾತನೂ ಮಾಡಿಸ್ಕೊಂಡ. ಇದ್ದಬದ್ದ ದೃಷ್ಟಿಯೂ ಹೋಯ್ತು. ಆಮೇಲೆ ತಾತನೇ ಹೋದ!"

"ಅವನಿಗೆ ಮಾಡಿದ್ದು ಊರೂರು ಅಲೆಯೋ ವೈದ್ಯ ರೀ!"

"ನಮ್ಮ ಡಾಕ್ಟ್ರೇನು, ಕೊಚ್ಚಿಯಿಂದ ಇಲ್ಲೀತನಕ ಅಲೆದು ಬಂದೋರೇ ತಾನೇ?"

ಹೀಗೆ ವಾದ ಮಾಡುವವರ ಜೊತೆ ಏನು ಮಾಡುವುದು, ನೀವೇ ಹೇಳಿ!

ಹೋದ ತಿಂಗಳು ಒಂದು ದಿನ ಹುರುಳಿಕಾಯಿ ತರುತ್ತೇನೆಂದು ರೂವಿಯ ಪೇಟೆಗೆ ಹೊರಟರು. ರಸ್ತೆ ಬದಿ ನಿಂತಿದ್ದ ಬಿಳಿ ಕಾರಿನ ಹಿಂದಿನ ಬಾಗಿಲು ತೆಗೆದು ಕೂತು, "ರೂವಿ, ಯಲ್ಲಾ!" ಎಂದು ಹೊರಡಲು ಹೇಳಿದರು. ಅದು ಟ್ಯಾಕ್ಸಿಯೇ ಅಲ್ಲ! ಕಾರಿನ ಯಜಮಾನ, ಒಮಾನಿ ಹಿರಿಯರೊಬ್ಬರು, ಏನೂ ಅನ್ನದೆ ರೂವಿಯವರೆಗೂ ಬಿಟ್ಟರು. ದುಡ್ಡು ಕೊಡಲು ಹೋದಾಗಲೇ ಇವರಿಗೆ ತಿಳಿದದ್ದು. ಆ ಪುಣ್ಯಾತ್ಮರು ಒಂದು ಡಬ್ಬಿ ಖರ್ಜೂರ ಕೈಗಿಟ್ಟು, ಇವರ ಕಣ್ಣು ತೋರಿಸಿ, "ಡಾಕ್ಟರ್, ಡಾಕ್ಟರ್" ಎಂದರಂತೆ.

ಇವರು ಹುರುಳಿಕಾಯಿ ಮರೆತು, ಖರ್ಜೂರ ತಂದು, ನಗುತ್ತ ಇದನ್ನೆಲ್ಲ ಹೇಳಿ ಕೀಬೋರ್ಡಿಗೆ ಕೂತರು. ನನಗೆ ನಗು ಬರಲಿಲ್ಲ. ಆ ಕಣ್ಣಿನಲ್ಲಿ ರೂವಿಯ ರಸ್ತೆ ದಾಟಿದ್ದರಲ್ಲ! ಅಡುಗೆಮನೆಯಿಂದಲೇ ಕೇಳಿದೆ:

"ರೀ, ತಾತ ಹೋದ್ಮೇಲೆ ಅವನ ಹೆಂಡತಿ ಏನಾದ್ಲು?"

"ಬಹಳ ಚೆನ್ನಾಗಿ ಹಾಡ್ತಿದ್ಲು ಕಣೇ. ಅವನ ಸಂಗೀತಾನೆಲ್ಲ ಕೈಯಾರೆ ನಕಲು ಮಾಡಿಕೊಡ್ತಿದ್ಲು."

"ಅದಲ್ಲ. ಆಮೇಲೆ?"

"ಆಮೇಲೆ..." ಸಂಗೀತ ನಿಂತಿತು. "ಆಮೇಲೆ ಊರಿನವರ ದಾನದಲ್ಲಿ ಬದುಕಿದ್ಲು, ಪಾಪ."

ನಾನು ಒಲೆಯ ಮೇಲಿನ ಸಾರು ಕಲಕಿದೆ. ಸ್ವಲ್ಪ ಹೊತ್ತಿಗೆ ಇವರೇ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. "ಡಾಕ್ಟ್ರಿಗೆ ಫೋನ್ ಮಾಡು."

ನಿನ್ನೆ ಆಪರೇಷನ್ನಿಗೆ ಹೊರಡುವಾಗ ತಾತನಿಗೆ ಕುಂಕುಮವಿಟ್ಟರು. ಮಂಜುಗಣ್ಣು ನೋಡಿ, ಹಣೆ ತಪ್ಪಿ ಮೂಗಿಗೆ ಬಿತ್ತು. ಇವತ್ತು ಡಾಕ್ಟರು ಬಲಗಣ್ಣಿನ ಪಟ್ಟಿ ಬಿಚ್ಚಿದರು. ಇವರು ಗೋಡೆ ನೋಡಿದರು, ಡಾಕ್ಟರನ್ನು ನೋಡಿದರು, ಆಮೇಲೆ ನನ್ನನ್ನು ನೋಡುತ್ತಲೇ ಉಳಿದರು.

"ಏನೇ ಇದು! ನಿನ್ನ ತಲೇನೂ ತಾತನ ವಿಗ್ಗಿನ ಹಾಗೆ ಬೆಳ್ಳಗಾಗಿದೆಯಲ್ಲೇ! ಯಾವಾಗ?"

"ನೀವು ತಾತನ್ನ ನೋಡ್ತಿದ್ದಾಗ."

ನಗುತ್ತಾರೆಂದುಕೊಂಡೆ. ನಗಲಿಲ್ಲ. ಕಾರಿನವರೆಗೂ ನನ್ನ ಕೈ ಬಿಡಲಿಲ್ಲ. ಈಗ ಇವರಿಗೆ ದಾರಿ ಚೆನ್ನಾಗಿಯೇ ಕಾಣುತ್ತಿತ್ತು.

ಊಟಕ್ಕೆ ಅನ್ನ, ತಿಳಿಸಾರು, ಹುರುಳಿಕಾಯಿ ಪಲ್ಯ, ಕೊನೆಗೆ ಆ ಹಿರಿಯರ ಖರ್ಜೂರ. ಕಣ್ಣಿಗೆ ಔಷಧಿ ಬಿಟ್ಟು, ಫೋನಿನಲ್ಲಿ ತಾತನನ್ನು ಸಣ್ಣಗೆ ಹಾಕಿದೆ. ಇವತ್ತು ಮೊದಲು ನಿದ್ದೆ ಹೋದವರು ಇವರು. ತಾತನ ಸಂಗೀತವನ್ನು ಕೊನೆಯವರೆಗೂ ಎಚ್ಚರವಾಗಿದ್ದು ಕೇಳಿದೆ, ಮೊದಲ ಸಲ.