ಬೆಚ್ಚನೆ ಕಪಾಟಿನೊಳಗಿನ ಹೆಪ್ಪು

ನಾನು ಕಲಿತದ್ದು ನಾಲ್ಕನೇ ಇಯತ್ತೆ. ಕೆಲಸ ಮಾಡುವುದು ಪ್ರಯೋಗಾಲಯದಲ್ಲಿ. ಇವೆರಡೂ ಒಬ್ಬನೇ ಮನುಷ್ಯನ ಪಾಲಿಗೆ ಬಂದರೆ ಇಂಥವು ಆಗುತ್ತಲೇ ಇರುತ್ತವೆ.

ಬೆಳ್ಳಿ

ನಮ್ಮ ಮೇಡಂ ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿ ಕಣಗಳನ್ನು ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ಹಾಕುತ್ತಾರೆ. ಕೋಶ ಸತ್ತರೆ ವಿಷ, ಬದುಕಿದರೆ ಅಲ್ಲ. ಆ ಕಣಕ್ಕೆ ನ್ಯಾನೋ ಅನ್ನುತ್ತಾರೆ. ನನ್ನದು ಬಾಟಲಿ ತೊಳೆಯುವ ಕೆಲಸ. ತಳದಲ್ಲಿ ಒಂದೀಟು ನೀರಿದ್ದ ಬಾಟಲಿಯನ್ನು ಖಾಲಿ ಅಂತ ತೊಳೆದುಬಿಟ್ಟೆ.

“ಕಾಕಾ, ಅದರಾಗ ಬೆಳ್ಳಿ ಇತ್ತಲ್ರೀ!”

“ನನಗೇನೂ ಕಾಣಲಿಲ್ರಿ.”

“ಅದು ಯಾರಿಗೂ ಕಾಣಂಗಿಲ್ರಿ.”

ಆಗ ತಿಳಿಯಿತು. ನಾನು ಹೆಂಡತಿಗೆ ಮಾಡಿಸಿದ ಬೆಳ್ಳಿ ಕಾಲ್ಚೈನೂ ನ್ಯಾನೋನೇ.

ಸೀಟು

ದುಮ್ಮವಾಡದ ಬಸ್ಸಿನಲ್ಲಿ ಬಾಜೂಕ ಕೂತವ ಕೇಳಿದ, “ಏನ್ ಕೆಲಸಪಾ ನಿಂದು?”

“ಜೀವ ಇದ್ದದ್ದಕ್ಕ ಪುಡಿ ಹಾಕಿ, ಸಾಯ್ತಾವೋ ಇಲ್ಲೋ ನೋಡೋದು. ಪುಡಿ ಕಣ್ಣಿಗೆ ಕಾಣಂಗಿಲ್ಲ. ಅಂಗಿಗೆ ಹತ್ತಿದ್ರೂ ತಿಳಿಯಂಗಿಲ್ಲ.”

ಅವ ಎದ್ದು ಬಾಗಿಲಲ್ಲಿ ನಿಂತ. ಅವತ್ತಿನಿಂದ ಎಂಥ ಗದ್ದಲದಲ್ಲೂ ಇಬ್ಬರ ಸೀಟು ನನ್ನೊಬ್ಬನಿಗೇ.

ಹೆಪ್ಪು

ಹೆಂಡತಿ ತೀರಿದ ಮೇಲೆ ಆಕೆಯ ಕೈಯದು ಅಂತ ಮನೆಯಲ್ಲಿ ಉಳಿದದ್ದು ಮೊಸರು. ದಿನಾ ಒಂದು ಚಮಚ ಹೆಪ್ಪು ತೆಗೆದು ಹೊಸ ಹಾಲಿಗೆ ಹಾಕುತ್ತಿದ್ದೆ. ಈ ಸಲದ ಥಂಡಿಗೆ ಹಾಲು ಹಾಲಾಗಿಯೇ ಕೂತಿತು. ಉಳಿದದ್ದು ಕಡೇ ಚಮಚ. ಅದೂ ಹೋದರೆ ಆಕೆಯ ರುಚಿ ಮುಗಿಯಿತು.

ಕೋಶ ಸಾಕುವ ಕಪಾಟು ಯಾವಾಗಲೂ ಮೈಯಷ್ಟು ಬೆಚ್ಚಗಿರುತ್ತದೆ. ಆ ಕಡೇ ಚಮಚ ಹಾಲಿಗೆ ಹಾಕಿ, ಡಬ್ಬಿಯನ್ನು ಅದರೊಳಗಿಟ್ಟೆ. ಮೊಸರಾಯಿತೇನೋ ಅಂತ ಮುಚ್ಚಳ ತೆಗೆತೆಗೆದು ನೋಡಿದೆ.

ಮರುದಿನ ಮೇಡಂ ತಲೆ ಹಿಡಿದು ಕೂತರು. “ಬೆಳ್ಳಿ ಇನ್ನೂ ಹಾಕೇ ಇಲ್ಲ, ಕೋಶ ಎಲ್ಲಾ ಸತ್ತಾವು!”

ಆಮೇಲೆ ಡಬ್ಬಿ ಕಂಡಿತು. “ಇದೇನ್ರಿ ಕಾಕಾ?”

“ಮೊಸರ್ರಿ. ನಮ್ಮ ಮನಿಯಾಕಿ ಹೆಪ್ಪು. ಇದೊಂದ ಉಳದದ.”

ಹೊರಗ ಒಗೆಯಿರಿ ಅಂದಾರು ಅಂತ ನಾನು ಡಬ್ಬಿ ಎದೆಗೆ ಹಿಡಿದೆ. ಅವರು ಒಂದು ಹನಿ ತೆಗೆದು ಗಾಜಿಗೆ ಹಚ್ಚಿ ಮೈಕ್ರೋಸ್ಕೋಪಿನಲ್ಲಿ ಬಗ್ಗಿ ನೋಡಿದರು.

“ಮೊಸರಿನ ಬ್ಯಾಕ್ಟೀರಿಯಾ ಅಗದಿ ಜೀವಂತ ಅದಾವ್ರಿ! ಇವ ನಮ್ಮ ತಟ್ಟಿಗೆ ಹಾರಿ ಕೋಶ ಕೊಂದಾವು. ನಮ್ಮವೆಲ್ಲಾ ಸತ್ತಾವು, ನಿಮ್ಮವು ಇಷ್ಟ ಗಟ್ಟಿ ಹೆಂಗಾದ್ವು?”

“ಆಕಿ ಹೋದಮ್ಯಾಗ ನನ್ನ ಅಡಗಿ ಜೋಡಿ ಸಂಸಾರ ಮಾಡ್ಯಾವ್ರಿ. ಇನ್ನ ಯಾವ ವಿಷ ತಾಗತದ ಅವಕ್ಕ?”