ಗೋಡೆ ಮೇಲಿನ ಫ್ರೆಂಚರೂ ನನ್ನ ಬಿ.ಪಿ.ಯೂ

ರಾಮಕುಂಜದ ಕಡೆ ಡ್ರಾಯಿಂಗ್ ಮೇಷ್ಟ್ರಾಗಿರುವ ನನಗೆ ಬಿ.ಪಿ. ಏರುವುದು ಶಾಲೆಯ ಮಕ್ಕಳಿಂದ ಅಂತ ಎಲ್ಲರೂ ತಿಳಿದಿದ್ದಾರೆ. ಸುಳ್ಳು. ಏರುವುದು ಪೋಸ್ಟರಿನಿಂದ. ಹಳೇ ಫ್ರೆಂಚ್ ಹಾಸ್ಯ ಸಿನಿಮಾಗಳ ಪೋಸ್ಟರು ಕೂಡಿಡುವುದು ನನ್ನ ಹುಚ್ಚು. ಅವುಗಳಲ್ಲಿ ಫೋಟೋ ಇರುವುದಿಲ್ಲ. ಹೊಟ್ಟೆ ಕುಂಬಳಕಾಯಿ, ಕಾಲು ಕಡ್ಡಿ ಅಂತ ನಟರನ್ನು ವ್ಯಂಗ್ಯಚಿತ್ರವಾಗಿ ಬರೆದಿರುತ್ತಾರೆ. ಒಂದೊಂದನ್ನೂ ತಿಂಗಳುಗಟ್ಟಲೆ ಕಾದು ತರಿಸುತ್ತೇನೆ. ಬಂದಾಗಲೆಲ್ಲ ಯಾರಾದರೊಬ್ಬರು ನನ್ನ ತಲೆ ಕೆಡಿಸಿಯೇ ಸಿದ್ಧ.

ಮಡಿಕೆ

ಮೊದಲನೆಯದು ಕಡಬದ ಕೊರಿಯರ್ ಆಫೀಸಿಗೆ ಬಂತು. ಕೊರಿಯರಿನವನು ಪೋಸ್ಟರು ಸುತ್ತಿಟ್ಟ ಉದ್ದದ ರಟ್ಟಿನ ಕೊಳವೆಯನ್ನು ಮೂರು ಮಡಿಕೆ ಮಾಡಿ ತುರುಕಿದ್ದ ಬ್ಯಾಗಿನಿಂದ ಹೊರತೆಗೆದ. ನನ್ನ ಕಣ್ಣಿಗೆ ಕತ್ತಲೆ ಬಂತು.

"ಎಂತ ಮಾರಾಯ! ಮಡಚಬಾರದು ಅಂತ ಇಷ್ಟು ದಪ್ಪಕ್ಕೆ ಬರೆದದ್ದು ಕಾಣುದಿಲ್ವಾ?"

"ಅದು ಒಳಗಿನದ್ದಕ್ಕೆ ಬರೆದದ್ದು ಸರ್. ನಾನು ಮಡಚಿದ್ದು ಹೊರಗಿನದ್ದು ಮಾತ್ರ."

ಸಹಿ

ಎರಡನೆಯದು ಸರಿಯಾಗಿಯೇ ಬಂತು. ಪುತ್ತೂರಿನಲ್ಲಿ ಕಟ್ಟು ಹಾಕುವ ಅಂಗಡಿಗೆ ಕೊಟ್ಟೆ. ದೇವರ ಫೋಟೋಕ್ಕೆ ಕಟ್ಟು ಹಾಕುವುದರಲ್ಲಿ ಅವರು ಎತ್ತಿದ ಕೈ. ತರಲು ಹೋದರೆ ಕೆಳಗಿನ ಮೂಲೆಯಲ್ಲಿದ್ದ ಕಲಾವಿದನ ಸಹಿಯೇ ಇಲ್ಲ! ಆ ಸಹಿಗಾಗಿಯೇ ನಾನು ಅದನ್ನು ತರಿಸಿದ್ದು.

"ಸಹಿ ಎಲ್ಲಿ?" ಕಿರುಚಿದೆ.

"ಅದು ಸಹಿಯಾ? ಯಾರೋ ಮಕ್ಕಳು ಗೀಚಿದ್ದು ಅಂತ ಗ್ರಹಿಸಿದೆ ಮಾರಾಯ್ರೆ. ಚಂದ ಕಾಣಲಿ ಅಂತ ಕತ್ತರಿಸಿ ತೆಗೆದೆ."

ಮೇಜಿಗೆ ಗುದ್ದಿದೆ. ಅಂಗಡಿಯವರು ಗಾಬರಿಯಲ್ಲಿ ಕಿಸೆಯಿಂದ ಪೆನ್ನು ತೆಗೆದರು.

"ಬೇಸರ ಮಾಡ್ಬೇಡಿ. ಎಂತ ಹೆಸರು ಹೇಳಿ, ನಾನೇ ಹಾಕಿ ಕೊಡ್ತೇನೆ."

ಮಾವ

ಹೆಂಡತಿಯ ಅಪ್ಪ ಸುಳ್ಯದ ಆಚೆ ಕಲ್ಲುಗುಂಡಿಯವರು. ಮೂರನೆಯ ಪೋಸ್ಟರನ್ನು ಚಾವಡಿಯಲ್ಲಿ ತೂಗುಹಾಕಿದ ಮರುದಿನವೇ ಬಂದರು. ಅದರಲ್ಲೊಬ್ಬ ಬೋಳುತಲೆಯ ಮನುಷ್ಯ, ಬಾಳೆಕಾಯಿಯಂಥ ಮೂಗನ್ನು ಸೂಪಿನ ಬಟ್ಟಲಿಗೆ ಅದ್ದಿ ಕುಳಿತಿದ್ದಾನೆ. ಮಾವ ನೋಡಿದರು. ಇನ್ನೊಮ್ಮೆ ನೋಡಿದರು. ಕೈಯಲ್ಲಿದ್ದ ಚಾದ ಲೋಟ ಕೆಳಗಿಟ್ಟರು.

"ಚಿತ್ರ ಬರೆಯಲಿಕ್ಕೆ ಗೊತ್ತುಂಟು ಅಂತ ನನ್ನನ್ನು ಹೀಗೆ ಬರೆದು ಗೋಡೆಗೆ ಹಾಕುದಾ?"

"ಮಾವ, ಇದು ನಾನು ಬರೆದದ್ದಲ್ಲ. ಫ್ರಾನ್ಸಿನವರು ಬರೆದದ್ದು."

"ಫ್ರಾನ್ಸಿಗೆ ನನ್ನ ಫೋಟೋ ಯಾಕೆ ಕಳಿಸಿದ್ದು?"

ಚೀಲ ಎತ್ತಿಕೊಂಡು ಅಂಗಳಕ್ಕೆ ಇಳಿದೇಬಿಟ್ಟರು. "ಅಪ್ಪ ಊಟ ಮಾಡದೆ ಹೋದರೆ ನಾನೂ ಒಟ್ಟಿಗೆ ಹೋಗುದೇ" ಅಂತ ಹೆಂಡತಿ ಕಣ್ಣೊರೆಸುತ್ತಾ ಚಪ್ಪಲಿ ಹುಡುಕತೊಡಗಿದಳು. ಮಾಡದ ತಪ್ಪಿಗೆ ಬೈಸಿಕೊಂಡರೆ ಬರುವ ಸಿಟ್ಟು ಸಣ್ಣದಲ್ಲ. ಪೋಸ್ಟರನ್ನು ಕಟ್ಟು ಸಮೇತ ಗೋಡೆಯಿಂದ ಕಿತ್ತು, ಅಂಗಳಕ್ಕೆ ಓಡಿ, ಮಾವನ ಮುಖದೆದುರು ಹಿಡಿದೆ. ಅಂಚಿನಲ್ಲಿ ಸಣ್ಣಗೆ ಅಚ್ಚಾಗಿದ್ದ ಇಸವಿಯ ಮೇಲೆ ಬೆರಳಿಟ್ಟೆ.

"ಓದಿ ಮಾವ! ನೀವು ಹುಟ್ಟುವ ಮೊದಲೇ ಮಾಡಿದ್ದು ಇದು!"

ಮಾವ ಕನ್ನಡಕ ಏರಿಸಿ ಇಸವಿ ಓದಿದರು. ಬೆರಳು ಮಡಚಿ ಲೆಕ್ಕ ಹಾಕಿದರು. ಮುಖ ಇನ್ನಷ್ಟು ಕೆಂಪಾಯಿತು. ಮಗಳ ಕಡೆ ತಿರುಗಿದರು.

"ಕೇಳಿದಿಯಾ ಮಗಳೇ? ನನ್ನನ್ನು ತಮಾಷೆ ಮಾಡಲಿಕ್ಕೆ ನಾನು ಹುಟ್ಟುವ ಮೊದಲೇ ಶುರು ಮಾಡಿದ್ದಾರೆ!"