ಮನೆಮಂದಿಗೆಲ್ಲ ಚಿಯಾ

ನಮ್ಮ ಸೋದರಮಾವನ ಮನೆಗೆ ಹೋದರೆ ದಯವಿಟ್ಟು ನೀರು ಕೇಳಬೇಡಿ! ಇಡೀ ಜಹೀರಾಬಾದಿನಲ್ಲಿ ನೀರನ್ನು ಅಗಿದು ನುಂಗಬೇಕಾದ ಮನೆ ಅದೊಂದೇ. ಲೋಟದ ತುಂಬ ಚಿಯಾ ಬೀಜ ಉಬ್ಬಿಕೊಂಡು ನಿಮ್ಮನ್ನೇ ನೋಡುತ್ತಿರುತ್ತದೆ.

ಇದಕ್ಕೆಲ್ಲ ಮೂಲ ಅತ್ತೆಯ ಸಕ್ಕರೆ ಕಾಯಿಲೆ. ಕಾಲಿನ ಗಾಯವೊಂದು ಮಾಯಲೇ ಇಲ್ಲವೆಂದು ಡಾಕ್ಟರಿಗೆ ತೋರಿಸಿದಾಗ ಗೊತ್ತಾಯಿತು. ಡಾಕ್ಟರು ಗುಳಿಗೆ ಕೊಟ್ಟು, ಬೆಲ್ಲ, ಅನ್ನ ಕಡಿಮೆ ಮಾಡಿ ಎಂದರು. ಬೇಕಿದ್ದರೆ ಮಜ್ಜಿಗೆಗೆ ಒಂದು ಚಮಚ ನೆನೆಸಿದ ಚಿಯಾ ಹಾಕಿಕೊಳ್ಳಿ, ನಾರಿನಂಶವಿದೆ, ಹೊಟ್ಟೆ ತುಂಬಿದಂತಿರುತ್ತದೆ ಎಂದೂ ಸೇರಿಸಿದರು. ಮನೆಯ ಸೊಸೆ ಅಂದೇ ಅತ್ತೆಗೆಂದು ಬೇರೆ ಗಡಿಗೆಯಲ್ಲಿ ಪಥ್ಯದ ಅಡುಗೆ ಇಟ್ಟಳು. ಅತ್ತೆ ಸಿಟ್ಟಿಗೆದ್ದರು.

"ನನಗೊಬ್ಬಾಕಿಗಿ ಬ್ಯಾರೆ ಗಡಿಗಿ ಯಾಕ? ನಾ ಈ ಮನಿಯಾಕಿ ಅಲ್ಲೇನು, ಬೀಗತಿ ಬಂದೀನೇನು? ಎಲ್ಲಾರೂ ಉಂಡದ್ದೇ ನಾನೂ ಉಣ್ತೀನಿ. ಏನಾಗ್ತದೋ ಆಗ್ಲಿ!"

ಹಾಗೆಂದು ಹೋಳಿಗೆಗೇ ಕೈಹಾಕಿದರು. ಮಾವ ಹೆದರಿಬಿಟ್ಟರು. ಗಾಯ ಹಾಗೇ ಉಳಿದರೆ ಕಾಲಿನ ಗತಿ? ಹೆಂಡತಿಗೆ ಎದುರು ಮಾತಾಡುವ ಧೈರ್ಯವಂತೂ ಅವರಿಗೆ ಎಂದೂ ಇರಲಿಲ್ಲ. ನೆಟ್ಟಗೆ ಬಜಾರಿಗೆ ಹೋಗಿ ಚಿಯಾ ಬೀಜದ ಚೀಲವನ್ನೇ ಹೊತ್ತು ತಂದರು. ಎಲ್ಲರೂ ಉಂಡದ್ದನ್ನೇ ಆಕೆ ಉಣ್ಣುವುದಾದರೆ, ಆಕೆ ಉಣ್ಣಬೇಕಾದದ್ದನ್ನೇ ಎಲ್ಲರೂ ಉಣ್ಣಲಿ! ಎಂಥ ತರ್ಕ ನೋಡಿ!

ಅಂದಿನಿಂದ ಮನೆಯಲ್ಲಿ ಬೆಲ್ಲ ಬಂದ್. ಸಾರಿಗೆ ಚಿಯಾ, ಮಜ್ಜಿಗೆಗೆ ಚಿಯಾ, ರೊಟ್ಟಿಯ ಮೇಲೆ ಎಳ್ಳಿನ ಜಾಗದಲ್ಲಿ ಚಿಯಾ. ಕೊಡಂಗಲ್‌ನಿಂದ ಬಂದ ಬೀಗರಿಗೆ ಮಾವ ನಿಂಬೆ ಶರಬತ್ತು ಕೊಟ್ಟರು. ಬೀಗರು ಲೋಟವನ್ನು ಬೆಳಕಿಗೆ ಹಿಡಿದರು.

"ಏನ್ರಿ ಇದು, ಕಪ್ಪಿ ಮೊಟ್ಟಿ ಏನು?"

"ಕುಡೀರಿ, ಎಲಬು ಗಟ್ಟಿ ಆಗ್ತಾವ!"

"ಎಲಬಿಂದು ಆಮ್ಯಾಗ ನೋಡಮು. ಮೊದಲ ಗಂಟಲಾಗ ಇಳೀಬೇಕಲ್ರಿ!"

ಮಾವ ತಾವಾದರೂ ಸರಿಯಾಗಿ ತಿನ್ನುತ್ತಿದ್ದರೇ? ಒಮ್ಮೆ ತಾಂಡೂರಿನ ಬಸ್ಸಿನಲ್ಲಿ ಹುರಿದ ಶೇಂಗಾ ತಿಂದಂತೆ ಒಣ ಬೀಜವನ್ನೇ ಮುಕ್ಕುತ್ತ ಹೋದರು. ಇಳಿದವರೇ ಒಂದಿಷ್ಟು ನೀರು ಕುಡಿದರು. ಸಂಜೆಗೆ ಹೊಟ್ಟೆ ಡೊಳ್ಳಿನಂತಾಗಿ, ಡಾಕ್ಟರ ಮುಂದೆ ಕೂತರು. "ನೆನಸಿ ತಿನ್ನಬೇಕಂತ ಹೇಳಿದ್ನಲ್ರಿ!" ಎಂದು ಡಾಕ್ಟರು ರೇಗಿದರೆ, ಮಾವ ಹೊಟ್ಟೆ ಹಿಡಿದುಕೊಂಡೇ, "ಹೊಟ್ಟಿ ತುಂಬತದ ಅಂದಿದ್ರಿ, ಖರೇ ಅದ ನೋಡ್ರಿ!" ಎಂದು ಹೊಗಳಿ ಬಂದರು.

ಅತ್ತೆಯ ಗಾಯ ಮಾತ್ರ ನಿಧಾನಕ್ಕೆ ಒಣಗತೊಡಗಿತ್ತು. ಡಾಕ್ಟರು ಅದು ಗುಳಿಗೆಯ ಗುಣ, ಪಥ್ಯದ ಗುಣ ಎಂದರು. ಮಾವ ಒಪ್ಪಬೇಕಲ್ಲ!

ಎಳ್ಳಮವಾಸ್ಯೆ ಬಂತು. ಎಲ್ಲರೂ ಬುತ್ತಿ ಕಟ್ಟಿಕೊಂಡು ನಾಗಲಗಿದ್ದದ ಹತ್ತಿರದ ಹೊಲಕ್ಕೆ ಹೋದೆವು. ಕಾಳು-ತರಕಾರಿಯ ಭಜ್ಜಿ, ಸಜ್ಜೆ ರೊಟ್ಟಿ, ಹಿಂದಿನ ದಿನವೇ ಕಾಸಿಟ್ಟ ಜೋಳದ ಅಂಬಲಿ. ಆ ಅಂಬಲಿಗೂ ಮಾವ ಕದ್ದು ಚಿಯಾ ಸುರಿದಿದ್ದರು! ಬೆಳಗಾಗುವಷ್ಟರಲ್ಲಿ ಅದು ಗಡಿಗೆಯೊಳಗೆ ಹೆಪ್ಪುಗಟ್ಟಿತ್ತು. ಭೂತಾಯಿಗೆ ನೈವೇದ್ಯದ ಚರಗ ಚೆಲ್ಲಲು ಹೋದವರ ಕೈಗೇ ಅಂಟಿಕೊಂಡಿತು, ಪೈರಿಗೆ ಬೀಳಲೊಲ್ಲದು. ನಾವು ಬಿದ್ದು ಬಿದ್ದು ನಕ್ಕೆವು. ಅತ್ತೆಯೂ ನಕ್ಕರು. ಆದರೆ ವರ್ಷಕ್ಕೊಮ್ಮೆ ಸಿಗುವ ಅಂಬಲಿಗೆ ಕಾದಿದ್ದ ಮೊಮ್ಮಕ್ಕಳು ಸುಮ್ಮನೆ ಬಟ್ಟಲು ಕೆಳಗಿಟ್ಟರು. ಅತ್ತೆಯ ನಗು ನಿಂತಿತು.

"ನಾಳಿಂದ ನನ್ನ ಗಡಿಗಿ ಬ್ಯಾರೆ ಇಡವಾ," ಎಂದರು ಸೊಸೆಗೆ. "ಹುಡುಗ್ರು ಹಬ್ಬ ಉಣ್ಲಿ. ನನ್ನ ಪಥ್ಯ ನನಗಿರ್ಲಿ."

ಅತ್ತೆ ಪಥ್ಯಕ್ಕೆ ತಾವಾಗಿಯೇ ಒಪ್ಪಿದ್ದರು, ಮಾವ ಗೆದ್ದರಲ್ಲ! ಆದರೆ ಅವರ ಮುಖ ಸಣ್ಣಗಾಯಿತು. ತಮ್ಮ ಗಂಗಾಳ ಎತ್ತಿಕೊಂಡು ಹೋಗಿ ಅತ್ತೆಯ ಪಕ್ಕ ಕೂತರು.

"ಹಂಗಾದ್ರ ನಂದೂ ಅದೇ ಗಡಿಗ್ಯಾಗ."

"ನಿಮಗೇನು ಬ್ಯಾನಿ ಬಂದದ?"

"ಖರೇ ಹೇಳ್ಲಿ? ಈ ಬೀಜ ನನಗ ಒಂದು ತುತ್ತೂ ಸೇರಂಗಿಲ್ಲ. ಆದ್ರ ನೀ ಒಬ್ಬಾಕಿ ಕುಂತು ಉಣ್ಣೂದು ನನಗ ನೋಡಾಕ ಆಗಂಗಿಲ್ಲ."

ಅತ್ತೆ ಗಟ್ಟಿಯಾದ ಅಂಬಲಿಯನ್ನು ಸೌಟಿನಿಂದ ಕಿತ್ತು, ಮೊದಲು ಅವರ ಗಂಗಾಳಕ್ಕೆ ಹಾಕಿ, ಆಮೇಲೆ ತಮಗೆ ಹಾಕಿಕೊಂಡರು.